ರೀಬೂಟ್ ಅರ್ಧಕ್ಕೆ ನಿಂತು ಫೈಲ್ ಸಿಸ್ಟಮ್ ಕೆಟ್ಟಾಗ: ಗಂಜ್‌ನ ಅಡತಿ ಅಂಗಡಿಯ ಕಂಪ್ಯೂಟರ್ ಎಬ್ಬಿಸಿದ ಬಗೆ

ಜನವರಿ ಅಂದರೆ ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ಸುಗ್ಗಿ. ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್, ಚೀಲದ ಮೇಲೆ ಚೀಲ. ಗಾಳಿಯಲ್ಲೆಲ್ಲ ತೊಗರಿಯ ಧೂಳು. ಅಂಥ ಒಂದು ಸಂಜೆ ನನ್ನ ಕಾಕಾನ ಅಡತಿ ಅಂಗಡಿಯಿಂದ ಫೋನ್ ಬಂತು. ಮಾತಾಡಿದ್ದು ಕಾಕಾನ ಮಗ.

"ಅಣ್ಣಾ, ಕಂಪ್ಯೂಟರ್ ಚಾಲೂ ಆಗವಲ್ದು. ಕರೀ ಪರದಾ ಬಂದದ, ಏನೇನೋ ಇಂಗ್ಲೀಷ್ ಬರ್ದದ."

"ಕಡೀ ಸಾಲಿನಾಗ ಏನದ, ಓದು."

"ಇನಿಟ್‌ರಾಮ್‌ಎಫ್‌ಎಸ್ ಅಂತದ. ಅದರ ಮ್ಯಾಲ, ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಅಲಿ ಅಂತದ. ನಾ ವಿಡಿಯೋದಾಗ ನೋಡೀನಿ, ಹೈಫನ್ ವೈ ಹಾಕಿದ್ರ ಸರಿ ಆಗ್ತದಂತ. ಹೊಡೀಲಿ ಏನ್?"

"ಏನೂ ಹೊಡೀಬ್ಯಾಡ. ಹಂಗೇ ಇಡು. ಪರದಾದ್ದು ಒಂದು ಫೋಟೋ ತೆಗ್ದು ಕಳಿಸು. ನಾ ಬರ್ತೀನಿ."

ಆಗಿದ್ದು ಇಷ್ಟು. ಆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಅಲ್ಲ, ಲಿನಕ್ಸಿನ ಉಬುಂಟು 22.04 ಇದೆ, ಹಾಕಿಕೊಟ್ಟಿದ್ದು ನಾನೇ. ಮಧ್ಯಾಹ್ನ ಅಪ್‌ಡೇಟ್ ಆಗಿ 'ರೀಸ್ಟಾರ್ಟ್ ಮಾಡಿ' ಅಂತ ಕೇಳಿದೆ. ತಮ್ಮ ಒತ್ತಿದ್ದಾನೆ. ಪರದೆ ಕಪ್ಪಾಗಿ ಇಪ್ಪತ್ತು ನಿಮಿಷ ಹಾಗೇ ನಿಂತಿದೆ. ಹೊರಗೆ ರೈತರು ಪಟ್ಟಿಗೆ, ಅಂದರೆ ತೂಕ, ದರದ ಲೆಕ್ಕದ ಚೀಟಿಗೆ ಕಾಯುತ್ತಿದ್ದರು. ಗಡಿಬಿಡಿಯಲ್ಲಿ ಪವರ್ ಬಟನ್ ಒತ್ತಿ ಹಿಡಿದಿದ್ದಾನೆ, ಆಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸಿದ್ದಾನೆ. ಮತ್ತೆ ಹಚ್ಚಿದರೆ ಈ ಕಪ್ಪು ಪರದೆ.

ಇಂಥ ಫೋನ್ ನನಗೆ ಆಳಂದ, ಸೇಡಂ, ಶಹಾಪುರ, ಹುಮನಾಬಾದ್‌ನಿಂದಲೂ ಬರುತ್ತವೆ. ಹಾಗಾಗಿ ಈ ಸಲ ಮಾಡಿದ್ದನ್ನೆಲ್ಲ ಸಾಲಾಗಿ ಬರೆದಿಡುತ್ತಿದ್ದೇನೆ. ಕಮಾಂಡುಗಳನ್ನು ಫೋನಿನಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಎಫ್‌ಎಸ್‌ಸಿಕೆ ಅಂದರೆ ಆ ನಾಲ್ಕು ಅಕ್ಷರ, ಚಿಕ್ಕಕ್ಷರದಲ್ಲಿ, ನಡುವೆ ಜಾಗ ಬಿಡದೆ. ಹೈಫನ್ ಅಂದರೆ ಅಡ್ಡಗೆರೆ.

ಮೊದಲು ಕೈ ಕಟ್ಟಿಕೊಳ್ಳಿ

ಎಫ್‌ಎಸ್‌ಸಿಕೆ ರಿಪೇರಿ ಮಾಡುವ ಸಾಧನ ಹೌದು. ಆದರೆ ಅದು ಉಳಿಸಲು ನೋಡುವುದು ಫೈಲ್ ಸಿಸ್ಟಮ್‌ನ (ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಲೆಕ್ಕವನ್ನು, ನಿಮ್ಮ ಫೈಲನ್ನಲ್ಲ. ಲೆಕ್ಕ ತಾಳೆಯಾಗಲು ಒಂದು ಫೈಲಿನ ಹೆಸರನ್ನು ಅಳಿಸಬೇಕಾದರೆ ಅಳಿಸುತ್ತದೆ. ಪ್ರತಿ ಸಲ 'ಅಳಿಸಲಾ?' ಅಂತ ಕೇಳುತ್ತದೆ. ಹೈಫನ್ ವೈ ಹಾಕಿದರೆ ಎಲ್ಲ ಪ್ರಶ್ನೆಗೂ ಕಣ್ಣು ಮುಚ್ಚಿ ಹೂಂ ಅಂದ ಹಾಗೆ. ಎಷ್ಟೋ ಸಲ ಅದರಿಂದ ಕೆಲಸ ಆಗುತ್ತದೆ, ಇಲ್ಲ ಅನ್ನಲ್ಲ. ಆದರೆ ಡಿಸ್ಕೇ ಸಾಯುತ್ತಿದ್ದರೆ, ಇಲ್ಲವೇ ಡಿಸ್ಕಿಗೆ ಹೋಗುವ ದಾರಿ ಕೆಟ್ಟಿದ್ದರೆ, ರಿಪೇರಿಯ ಬರಹವೇ ಅರ್ಧಕ್ಕೆ ಕಡಿದು ಮೊದಲಿಗಿಂತ ಜಾಸ್ತಿ ಕೆಡುತ್ತದೆ. ಆಗ ಹಿಂದಕ್ಕೆ ಬರುವ ದಾರಿ ಇರುವುದಿಲ್ಲ.

ಇನಿಟ್‌ರಾಮ್‌ಎಫ್‌ಎಸ್ ಅಂದರೆ ಅಸಲಿ ಸಿಸ್ಟಮ್ ಏಳುವ ಮೊದಲು ಮೆಮೊರಿಯಲ್ಲಿ ನಡೆಯುವ ಪುಟ್ಟ ಸಿಸ್ಟಮ್. ಆ ಪರದೆಯಲ್ಲಿ ನಿಂತಿರುವಾಗ ನಿಮ್ಮ ಡಿಸ್ಕಿನ ಮೇಲೆ ಯಾರೂ ಏನೂ ಬರೆಯುತ್ತಿರುವುದಿಲ್ಲ. ಅದಕ್ಕೇ ತಮ್ಮನಿಗೆ 'ಹಂಗೇ ಇಡು' ಅಂದಿದ್ದು. ಆರಿಸಿದ್ದರೆ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸಂದೇಶಗಳೂ ಹೋಗುತ್ತಿದ್ದವು, ಅವು ಮೆಮೊರಿಯಲ್ಲಿ ಮಾತ್ರ ಇರುತ್ತವೆ. ಒಂದೇ ಅಪವಾದ: ಡಿಸ್ಕಿನಿಂದ ಟಕ್ ಟಕ್ ಅಂತ ಸದ್ದು ಬರುತ್ತಿದ್ದರೆ ತಕ್ಷಣ ಆರಿಸಿ, ಮತ್ತೆ ಹಚ್ಚಬೇಡಿ. ಅದು ಒಳಗಿನ ಹೆಡ್ಡಿನ ತೊಂದರೆ. ಯಾವ ಕಮಾಂಡೂ ಅದಕ್ಕೆ ಮದ್ದಲ್ಲ. ಡೇಟಾ ಮುಖ್ಯವಾಗಿದ್ದರೆ ಡಿಸ್ಕ್ ಬಿಚ್ಚಿ ಡೇಟಾ ತೆಗೆಯುವವರ ಹತ್ತಿರವೇ ಹೋಗಬೇಕು.

ಕಿರ್ದಿ ಮತ್ತು ಖಾತೆ

ಮುಂದಿನ ಕೆಲಸ ತಿಳಿಯಬೇಕಾದರೆ ಒಳಗೆ ಏನು ಕೆಡುತ್ತದೆ ಅಂತ ಗೊತ್ತಿರಬೇಕು. ನಾನು ಇದನ್ನು ಕಾಕಾನಿಗೆ ಅವರದೇ ಮಾತಿನಲ್ಲಿ ಹೇಳಿದೆ. ಅಡತಿ ಅಂಗಡಿಯಲ್ಲಿ ವ್ಯವಹಾರ ನಡೆದ ಕೂಡಲೇ ಮುನೀಮರು ಅದನ್ನು ಕಿರ್ದಿಯಲ್ಲಿ ಬರೆಯುತ್ತಾರೆ. ಆಮೇಲೆ ಬಿಡುವಾದಾಗ ಅದನ್ನು ಆಯಾ ರೈತನ ಖಾತೆಗೆ ಎತ್ತುತ್ತಾರೆ. ಖಾತೆ ಎತ್ತುವಾಗ ನಡುವೆ ಕರೆಂಟ್ ಹೋದರೆ ಚಿಂತೆಯಿಲ್ಲ, ಕಿರ್ದಿ ನೋಡಿ ಮತ್ತೆ ಎತ್ತಬಹುದು.

ಉಬುಂಟು ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಮಾಡುವುದೂ ಇದನ್ನೇ. ಅದರ ಜರ್ನಲ್ ಅಂದರೆ ಕಿರ್ದಿ. ಯಾವ ಫೈಲ್ ಎಲ್ಲಿದೆ, ಯಾವ ಫೋಲ್ಡರ್‌ನಲ್ಲಿ ಯಾವ ಹೆಸರಿದೆ, ಯಾವ ಬ್ಲಾಕ್ (ಡಿಸ್ಕಿನ ಒಂದು ತುಂಡು ಜಾಗ) ಖಾಲಿ ಅನ್ನುವ ಬದಲಾವಣೆಗಳು ಮೊದಲು ಅಲ್ಲಿಗೆ ಹೋಗುತ್ತವೆ. ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಈ ಕಿರ್ದಿ ಡಿಸ್ಕಿಗೆ ಬೀಳುತ್ತದೆ. ಕರೆಂಟ್ ಹೋಗಿ ಬಂದಾಗ ಮುಂದಿನ ಮೌಂಟ್‌ನಲ್ಲಿ, ಅಂದರೆ ಡಿಸ್ಕನ್ನು ಮತ್ತೆ ಬಳಕೆಗೆ ತೆರೆಯುವಾಗ, ಕಿರ್ದಿ ಓದಿ ಖಾತೆ ಸರಿಮಾಡಿಕೊಳ್ಳುತ್ತದೆ. ಹಾಗಾಗಿ ಬರೀ ಕರೆಂಟ್ ಹೋದದ್ದಕ್ಕೆ ಇಎಕ್ಸ್‌ಟಿ4 ಕೆಡುವುದು ಕಡಿಮೆ. ಈ ಮಾತು ಮುಖ್ಯ. ಎಫ್‌ಎಸ್‌ಸಿಕೆಯನ್ನು ಕೈಯಿಂದಲೇ ನಡೆಸು ಅಂತ ಕೇಳುವ ಮಟ್ಟಕ್ಕೆ ಹೋಗಿದೆ ಅಂದರೆ, ಪವರ್ ಬಟನ್ ಒತ್ತಿದ್ದಷ್ಟೇ ಕಾರಣ ಅಲ್ಲ, ಬೇರೆ ಏನೋ ಇದೆ ಅಂತ ನಾನು ಮೊದಲೇ ಅನುಮಾನಪಡುತ್ತೇನೆ.

ಇನ್ನೊಂದು ಮಾತು. ಈ ಕಿರ್ದಿ ಕಾಯುವುದು ಲೆಕ್ಕವನ್ನು, ಫೈಲಿನ ಒಳಗಿನ ಬರಹವನ್ನಲ್ಲ. ಹೊಸದಾಗಿ ಬರೆದ ಡೇಟಾ ಡಿಸ್ಕಿಗೆ ಇಳಿಯಲು 30 ಸೆಕೆಂಡೂ ಹಿಡಿಯಬಹುದು. ಕೊನೆಯ ಕ್ಷಣದಲ್ಲಿ ಸೇವ್ ಮಾಡಿದ ಫೈಲ್ ಸೊನ್ನೆ ಬೈಟ್ ಆಗಿ ಸಿಗುವುದು ಇದರಿಂದಲೇ.

ಡಿಸ್ಕ್ ಕೆಟ್ಟಿದೆಯೋ, ದಾರಿ ಕೆಟ್ಟಿದೆಯೋ

ಅಂಗಡಿ ಮುಟ್ಟಿದಾಗ ಎಂಟೂವರೆ. ಕಾಕಾ ಗಾದಿ ಮೇಲೆ ಕೂತಿದ್ದರು. "ನೋಡಪಾ, ಈ ವರ್ಷದ ಪಟ್ಟಿ ಹೋದ್ರ ಮಂದಿಗಿ ಏನ್ ಹೇಳ್ಲಿ" ಅಂದರು. ಅವರ ಚಿಂತೆ ಸುಳ್ಳಲ್ಲ. ಯಾವ ರೈತ ಎಷ್ಟು ಚೀಲ ತಂದ, ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು ಹಿಡಿದರು, ಕೈಗೆ ಎಷ್ಟು ಬಂತು, ಎಲ್ಲ ಅದರಲ್ಲೇ ಇತ್ತು.

ಅದೇ ಕಪ್ಪು ಪರದೆಯಲ್ಲಿ ಮೊದಲು ಹೊಡೆದದ್ದು ಡಿಎಂಇಎಸ್‌ಜಿ. ಕರ್ನಲ್ ಶುರುವಾದಾಗಿನಿಂದ ಹೇಳಿದ ಮಾತೆಲ್ಲ ಇದರಲ್ಲಿ ಬರುತ್ತದೆ. ಬರೀ ಓದುವ ಕಮಾಂಡ್, ಭಯ ಬೇಡ. ಉದ್ದ ಇರುತ್ತದೆ, ಎಟಿಎ ಅಂತ ಶುರುವಾಗುವ ಸಾಲುಗಳನ್ನು ಹುಡುಕಿ. ನನಗೆ ಕಂಡದ್ದು ಇದು: 'ಹಾರ್ಡ್ ರಿಸೆಟಿಂಗ್ ಲಿಂಕ್' ಅನ್ನುವ ಸಾಲು ಮತ್ತೆ ಮತ್ತೆ, ನಡುವೆ 'ಐಸಿಆರ್‌ಸಿ', 'ಎಬಿಆರ್‌ಟಿ' ಅನ್ನುವ ಗುರುತು, ಕೊನೆಗೆ 'ಲಿಮಿಟಿಂಗ್ ಸಾಟಾ ಲಿಂಕ್ ಸ್ಪೀಡ್ ಟು 1.5 ಜಿಬಿಪಿಎಸ್'.

ಇದರ ಅರ್ಥ ಹೀಗೆ. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಹೋಗುವ ಪ್ರತಿ ಕಟ್ಟಿಗೆ ಒಂದು ತಾಳೆ ಸಂಖ್ಯೆ ಇರುತ್ತದೆ, ಅದೇ ಸಿಆರ್‌ಸಿ. ತಾಳೆಯಾಗದಿದ್ದರೆ ಕಟ್ಟು ತಿರಸ್ಕಾರ, ಮತ್ತೆ ಕಳಿಸು. ಪದೇ ಪದೇ ಹೀಗಾದರೆ ಕರ್ನಲ್ ಸಂಪರ್ಕ ಕಡಿದು ಮತ್ತೆ ಜೋಡಿಸುತ್ತದೆ. ಆಗಲೂ ಆಗದಿದ್ದರೆ ವೇಗ ಇಳಿಸುತ್ತದೆ. ಡಿಸ್ಕಿನ ತಟ್ಟೆಯೇ ಕೆಟ್ಟಿದ್ದರೆ ಬೇರೆ ಮಾತು ಬರುತ್ತದೆ, 'ಯುಎನ್‌ಸಿ' ಅಂತ. ಅಂದರೆ ಓದಲು ಬಾರದ ಸೆಕ್ಟರ್ (ಡಿಸ್ಕಿನ ಮೇಲಿನ ಚಿಕ್ಕ ತುಂಡು). ಐಸಿಆರ್‌ಸಿ ಬಂದರೆ ದಾರಿಯ ತೊಂದರೆ, ಯುಎನ್‌ಸಿ ಬಂದರೆ ಡಿಸ್ಕಿನ ತೊಂದರೆ. ಇದೊಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಆಮೇಲೆ ಯಂತ್ರ ಆರಿಸಿ, ಪ್ಲಗ್ ಕಿತ್ತು, ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ತೊಗರಿಯ ಹೊಟ್ಟಿನ ಧೂಳು ಕಂಬಳಿಯ ಹಾಗೆ ಕೂತಿತ್ತು. ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ಲಿಗೆ ಚಿಲಕ ಇರಲಿಲ್ಲ, ಹಳೆಯ ಕಾಲದ ಸಾದಾ ಕೇಬಲ್. ಡಿಸ್ಕಿನ ಕಡೆಯ ತುದಿ ಒಂದು ಪಕ್ಕಕ್ಕೆ ಎದ್ದಿತ್ತು. ಉಗುರು ಹೋಗುವಷ್ಟು ಸಂದು. ಕಿತ್ತು ನೋಡಿದರೆ ಆ ಚಿಕ್ಕ ಕನೆಕ್ಟರ್ ಒಳಗೂ ಕಂದು ಬಣ್ಣದ ನುಣ್ಣನೆಯ ಪುಡಿ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಟೇಬಲ್ ಕೆಳಗೆ ಇಟ್ಟ ಯಂತ್ರ ಅದು, ದಿನಕ್ಕೆ ಹತ್ತು ಸಲ ಕಾಲು ತಾಗುತ್ತದೆ. ರೀಬೂಟ್ ಯಾಕೆ ನಿಂತಿತು ಅನ್ನುವುದೂ ಆಗ ಹೊಳೆಯಿತು. ಆರುವ ಮೊದಲು ಸಿಸ್ಟಮ್ ಬಾಕಿ ಬರಹವನ್ನೆಲ್ಲ ಡಿಸ್ಕಿಗೆ ಇಳಿಸಬೇಕು. ದಾರಿ ಕಡಿಯುತ್ತಲೇ ಇತ್ತು, ಅದು ಕಾಯುತ್ತಲೇ ಇತ್ತು.

ಆದರೂ ಕೇಬಲ್ ಮೇಲೆ ತಪ್ಪು ಹೊರಿಸುವ ಮೊದಲು ಡಿಸ್ಕನ್ನೂ ಕೇಳಬೇಕು. ಡಿಸ್ಕ್ ಬಿಚ್ಚಿಕೊಂಡು ನನ್ನ ಅಂಗಡಿಗೆ ತಂದೆ. ಅಲ್ಲಿ ನನ್ನ ಯಂತ್ರಕ್ಕೆ, ನನ್ನ ಕೇಬಲ್ಲಿಗೆ ಹಾಕಿ, ಸಿಸ್ಟಮ್‌ರೆಸ್ಕ್ಯೂ ಇರುವ ಪೆನ್ ಡ್ರೈವ್‌ನಿಂದ ಬೂಟ್ ಮಾಡಿದೆ. ಈ ಪೆನ್ ಡ್ರೈವ್ ಒಂದು ಸದಾ ಜೇಬಿನಲ್ಲಿರಲಿ. ಇಲ್ಲಿ ಬೇಕಾದ ಸಾಧನಗಳೆಲ್ಲ ಅದರಲ್ಲೇ ಇವೆ. ಉಬುಂಟುವಿನ ಲೈವ್ ಪೆನ್ ಡ್ರೈವ್ ಆದರೂ ನಡೆಯುತ್ತದೆ, ಆದರೆ ಕೆಲವನ್ನು ನೆಟ್‌ನಿಂದ ಹಾಕಿಕೊಳ್ಳಬೇಕಾಗುತ್ತದೆ.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದೆ, ಅದಕ್ಕೆ ಸ್ಮಾರ್ಟ್ ಅನ್ನುತ್ತಾರೆ. ಅದನ್ನು ಓದಲು ಸ್ಮಾರ್ಟ್‌ಸಿಟಿಎಲ್ ಹೈಫನ್ ಎ, ಆಮೇಲೆ ಡಿಸ್ಕಿನ ಹೆಸರು. ದೊಡ್ಡ ಪಟ್ಟಿ ಬರುತ್ತದೆ. ನಾನು ನೋಡುವುದು ನಾಲ್ಕೇ ಸಾಲು, ಅದೂ ಕೊನೆಯ ಕಾಲಮ್ಮಿನ ಸಂಖ್ಯೆ. 5ನೇ ನಂಬರ್ ಅಂದರೆ ಕೆಟ್ಟು ಬದಲಾಯಿಸಿದ ಸೆಕ್ಟರ್‌ಗಳು. 197 ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವವು. 198 ಅಂದರೆ ಡಿಸ್ಕ್ ತಾನೇ ಪರೀಕ್ಷೆ ಮಾಡಿ ಓದಲಾಗಲ್ಲ ಅಂತ ಬಿಟ್ಟವು. 199 ಅಂದರೆ ದಾರಿಯಲ್ಲಿ ತಾಳೆ ತಪ್ಪಿದ ಲೆಕ್ಕ. ಕಾಕಾನ ಡಿಸ್ಕಿನಲ್ಲಿ ಮೊದಲ ಮೂರೂ ಸೊನ್ನೆ. 199ರ ಮುಂದೆ 1846. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಡಿಸ್ಕಿಗೇ ಅಂಟಿಸಿದೆ. ಅದು ಎಂದೂ ಇಳಿಯುವ ಸಂಖ್ಯೆ ಅಲ್ಲ, ಏರುತ್ತದೋ ಇಲ್ಲವೋ ಅನ್ನುವುದನ್ನಷ್ಟೇ ನೋಡಬೇಕು.

ನಿಮ್ಮ ಡಿಸ್ಕಿನಲ್ಲಿ 197 ಅಥವಾ 198 ಸೊನ್ನೆಗಿಂತ ಮೇಲಿದ್ದರೆ, ಎಫ್‌ಎಸ್‌ಸಿಕೆಯನ್ನು ಆ ಡಿಸ್ಕಿನ ಮೇಲೆ ನಡೆಸಲೇಬೇಡಿ. ನಕಲು ತೆಗೆಯಿರಿ, ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಎಸ್‌ಎಸ್‌ಡಿ ಇದ್ದರೆ ಈ ಸಂಖ್ಯೆಗಳನ್ನು ಪೂರ್ತಿ ನಂಬಬೇಡಿ. ಎಷ್ಟೋ ಸಲ ಅವು ಯಾವ ಸೂಚನೆಯೂ ಕೊಡದೆ ಒಮ್ಮೆಲೇ ನಿಲ್ಲುತ್ತವೆ. ಅಲ್ಲಿ ನಕಲು ಇನ್ನೂ ಅವಸರದ್ದು.

ನಕಲು

ಡಿಸ್ಕ್ ಚೆನ್ನಾಗಿದೆ ಅಂತ ಕಂಡರೂ ನಾನು ನಕಲು ತೆಗೆದೆ. ಡಿಡಿರೆಸ್ಕ್ಯೂ ಇದಕ್ಕೆ ಸರಿಯಾದದ್ದು. ಮೂರು ಮಾತು ಬೇಕು ಅದಕ್ಕೆ: ಎಲ್ಲಿಂದ, ಎಲ್ಲಿಗೆ, ಮತ್ತು ಎಲ್ಲಿಯವರೆಗೆ ನಕಲಾಯಿತು ಅಂತ ಬರೆದಿಡುವ ಒಂದು ಮ್ಯಾಪ್ ಫೈಲಿನ ಹೆಸರು. ನಾನು ಎಸ್‌ಡಿಬಿ2 ಪಾರ್ಟಿಶನ್‌ನಿಂದ (ಎಸ್‌ಡಿಬಿ ಅಂದರೆ ಡಿಸ್ಕ್, 2 ಅಂದರೆ ಅದರ ಎರಡನೇ ಭಾಗ) ಹೊರಗಿನ 1 ಟಿಬಿ ಡಿಸ್ಕಿನಲ್ಲಿ ಗಂಜ್ ಡಾಟ್ ಐಎಂಜಿ ಅನ್ನುವ ಫೈಲಿಗೆ ತೆಗೆದೆ. ಎಲ್ಲಿಂದ, ಎಲ್ಲಿಗೆ ಅನ್ನುವುದು ಅದಲುಬದಲಾದರೆ ಇರುವುದೂ ಹೋಗುತ್ತದೆ. ಎಂಟರ್ ಒತ್ತುವ ಮೊದಲು ಎಲ್‌ಎಸ್‌ಬಿಎಲ್‌ಕೆ ಹೊಡೆದು ಪ್ರತಿ ಡಿಸ್ಕಿನ ಅಳತೆ ನೋಡಿ, ಬಾಯಿಬಿಟ್ಟು ಓದಿ. ಅಂಗಡಿಯಲ್ಲಿ ಎಸ್‌ಡಿಎ ಇದ್ದದ್ದು ನನ್ನ ಯಂತ್ರದಲ್ಲಿ ಎಸ್‌ಡಿಬಿ ಆಗಿತ್ತು. ಈ ಹೆಸರುಗಳು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತವೆ, ಒಮ್ಮೊಮ್ಮೆ ಬೂಟ್‌ನಿಂದ ಬೂಟ್‌ಗೂ.

ಹೊರಗಿನ ಡಿಸ್ಕ್ ಎಫ್‌ಎಟಿ32 ಆಗಿದ್ದರೆ ನಕಲು 4 ಜಿಬಿ ಮುಟ್ಟಿ ನಿಂತುಬಿಡುತ್ತದೆ, ಅದಕ್ಕಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಸುವುದಿಲ್ಲ. ಮೊದಲೇ ಎಕ್ಸ್‌ಫ್ಯಾಟ್ ಅಥವಾ ಇಎಕ್ಸ್‌ಟಿ4 ಮಾಡಿಟ್ಟುಕೊಳ್ಳಿ. ಸಮಯದ ಲೆಕ್ಕ: 500 ಜಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿಯಂತೆ ಓದಿದರೆ ಸುಮಾರು ಒಂದೂವರೆ ತಾಸು. ಹಳೆಯ ಯುಎಸ್‌ಬಿ 2 ಕಿಂಡಿಯಲ್ಲಾದರೆ ನಾಲ್ಕು ತಾಸಿಗೂ ಜಾಸ್ತಿ. ಕೆಟ್ಟ ಸೆಕ್ಟರ್ ಇರುವ ಡಿಸ್ಕಾದರೆ ಮೊದಲ ಸುತ್ತು ಹೈಫನ್ ಎನ್ ಹಾಕಿ. ಸುಲಭಕ್ಕೆ ಸಿಗುವುದನ್ನೆಲ್ಲ ಮೊದಲು ತೆಗೆದುಕೊಳ್ಳುತ್ತದೆ, ಕಷ್ಟದ ಜಾಗವನ್ನು ಕೆರೆಯುತ್ತ ಕೂರುವುದಿಲ್ಲ. ಎರಡನೇ ಸುತ್ತಿನಲ್ಲಿ ಹೈಫನ್ ಡಿ, ಹೈಫನ್ ಆರ್3 ಹಾಕಿದರೆ ಉಳಿದ ಜಾಗಗಳಿಗೆ ಮೂರು ಸಲ ಪ್ರಯತ್ನಿಸುತ್ತದೆ. ನಡುವೆ ಕರೆಂಟ್ ಹೋದರೂ ಮ್ಯಾಪ್ ಫೈಲ್ ಇದ್ದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ನಕಲು ಮುಗಿದ ಮೇಲೆ ಮತ್ತೆ ಸ್ಮಾರ್ಟ್ ನೋಡಿದೆ. ಪಾರ್ಟಿಶನ್ ಪೂರ್ತಿ ಓದಿಯಾಗಿತ್ತು, 199 ಅಲ್ಲಿಯೇ ಇತ್ತು, 1846. ಬೇರೆ ಕೇಬಲ್, ಬೇರೆ ಬೋರ್ಡ್, ಒಂದೂ ತಪ್ಪಿಲ್ಲ. ಡಿಸ್ಕಿನ ತಪ್ಪಲ್ಲ ಅನ್ನುವುದು ಆಗ ಖಾತ್ರಿಯಾಯಿತು. ಕಾಕಾನಿಗೆ ಫೋನ್ ಮಾಡಿ ಮಲಗಿಕೊಳ್ಳಲು ಹೇಳಿದೆ.

ನಕಲಿನ ಮೇಲೆ ತಾಲೀಮು

ಇಎಕ್ಸ್‌ಟಿ4 ಇದ್ದಾಗ ಎಫ್‌ಎಸ್‌ಸಿಕೆ ಒಳಗೆ ನಡೆಸುವುದು ಇ2ಎಫ್‌ಎಸ್‌ಸಿಕೆ ಅನ್ನುವ ಸಾಧನವನ್ನೇ. ಅದಕ್ಕೆ ಪಾರ್ಟಿಶನ್ನೇ ಬೇಕಂತಿಲ್ಲ, ಐಎಂಜಿ ಫೈಲ್ ಕೊಟ್ಟರೂ ಕೆಲಸ ಮಾಡುತ್ತದೆ. ಹಾಗಾಗಿ ಅಸಲಿಯನ್ನು ಮುಟ್ಟದೆ ನಕಲಿನ ಮೇಲೆ ರಿಪೇರಿ ಮಾಡಿ ನೋಡಬಹುದು.

ಮೊದಲು ಹೈಫನ್ ಎಫ್, ಹೈಫನ್ ಎನ್. ಎಫ್ ಅಂದರೆ ಸರಿ ಇದೆ ಅನಿಸಿದರೂ ಪೂರ್ತಿ ನೋಡು. ಎನ್ ಅಂದರೆ ಬರೀ ನೋಡು, ಬರೆಯಬೇಡ. ನನಗೆ ಸುಮಾರು ನಾನೂರು ಸಾಲು ತಪ್ಪು ಬಂದವು. ನೋಡಿದವರ ಎದೆ ಝಲ್ಲೆನ್ನುತ್ತದೆ. ಆದರೆ ಮೇಲೆಯೇ ಒಂದು ಸಾಲು ಇರುತ್ತದೆ, ಓದಲು ಮಾತ್ರ ತೆರೆದಿರುವುದರಿಂದ ಜರ್ನಲ್ ರಿಕವರಿ ಬಿಟ್ಟಿದ್ದೇನೆ ಅಂತ. ಅಂದರೆ ಕಿರ್ದಿ ಎತ್ತದೆಯೇ ಖಾತೆ ತಾಳೆ ನೋಡಿದ ಹಾಗೆ. ತಪ್ಪು ಜಾಸ್ತಿ ಕಾಣುವುದು ಸಹಜ. ಇದನ್ನು ನೋಡಿ ಎಲ್ಲ ಹೋಯಿತು ಅಂತ ಡಿಸ್ಕ್ ಫಾರ್ಮ್ಯಾಟ್ ಮಾಡಿದವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಎರಡನೇ ಸಲ ಎನ್ ತೆಗೆದು, ಹೈಫನ್ ಎಫ್, ಹೈಫನ್ ಝಡ್ ಮತ್ತು ಬೇರೆ ಡಿಸ್ಕಿನಲ್ಲಿರುವ ಒಂದು ಫೈಲಿನ ಹೆಸರು ಕೊಟ್ಟೆ. ಈ ಝಡ್ ಬಹಳ ಜನಕ್ಕೆ ಗೊತ್ತಿಲ್ಲ. ಏನೇ ಬದಲಾಯಿಸುವ ಮೊದಲು ಹಳೆಯದನ್ನು ಆ ಫೈಲಿನಲ್ಲಿ ಎತ್ತಿಡುತ್ತದೆ. ರಿಪೇರಿ ಹದಗೆಟ್ಟರೆ ಇ2ಅನ್‌ಡೂ ಅನ್ನುವ ಕಮಾಂಡಿನಿಂದ ಹಿಂದಿನ ಸ್ಥಿತಿಗೆ ತರಬಹುದು. ಕಿರ್ದಿ ಎತ್ತಿದ ಮೇಲೆ ಉಳಿದದ್ದು 37 ಪ್ರಶ್ನೆ ಮಾತ್ರ.

ಆ ಪ್ರಶ್ನೆಗಳನ್ನು ಓದಿ ಉತ್ತರಿಸುವುದೇ ಇಡೀ ಕೆಲಸದ ತಿರುಳು. ಐದು ಸುತ್ತಿನಲ್ಲಿ ಅವು ಬರುತ್ತವೆ. ಮೊದಲನೆಯದು ಪ್ರತಿ ಇನೋಡ್, ಅಂದರೆ ಪ್ರತಿ ಫೈಲಿನ ಖಾತೆ ಪುಟ. ಎರಡನೆಯದು ಫೋಲ್ಡರ್‌ಗಳ ಒಳಗಿನ ಹೆಸರು. ಮೂರನೆಯದು ಫೋಲ್ಡರ್‌ಗಳು ಒಂದಕ್ಕೊಂದು ಕೂಡಿವೆಯೋ ಇಲ್ಲವೋ. ನಾಲ್ಕನೆಯದು ಒಂದು ಫೈಲಿಗೆ ಎಷ್ಟು ಹೆಸರು ಅನ್ನುವ ಎಣಿಕೆ. ಐದನೆಯದು ಖಾಲಿ ಜಾಗದ ಮೊತ್ತ. ಐದನೇ ಸುತ್ತಿನಲ್ಲಿ 'ಫ್ರೀ ಬ್ಲಾಕ್ಸ್ ಕೌಂಟ್ ರಾಂಗ್' ಅಂತ ಎಷ್ಟು ಬಂದರೂ ಹೂಂ ಅನ್ನಿ, ಅದು ಕೂಡಿಸಿದ ಮೊತ್ತದ ತಪ್ಪು ಅಷ್ಟೇ. 'ಅನ್‌ಅಟ್ಯಾಚ್ಡ್ ಇನೋಡ್, ಲಾಸ್ಟ್ ಫೌಂಡ್‌ಗೆ ಜೋಡಿಸಲಾ?' ಅಂದರೆ ಖಂಡಿತ ಹೂಂ. ಫೈಲ್ ಇದೆ, ಹೆಸರು ಕಳೆದಿದೆ ಅಂತ ಅರ್ಥ.

ಎಚ್ಚರ ಬೇಕಾದದ್ದು 'ಕ್ಲಿಯರ್?' ಅಂತ ಕೇಳುವಾಗ. ಎರಡನೇ ಸುತ್ತಿನಲ್ಲಿ ಫೈಲಿನ ಹೆಸರನ್ನೂ ತೋರಿಸುತ್ತದೆ. ನನಗೆ ಬಂದವುಗಳಲ್ಲಿ ಹೆಚ್ಚಿನವು ಬ್ರೌಸರ್ ಕ್ಯಾಶ್. ಅಳಿಸಿದರೆ ನಷ್ಟವಿಲ್ಲ. ಆದರೆ ಬೇಕಾದ ಫೈಲಿನ ಹೆಸರು ಕಂಡರೆ ನಿಲ್ಲಿ. ಆ ಹೆಸರು, ಇನೋಡ್ ನಂಬರ್ ಬರೆದುಕೊಳ್ಳಿ. ಮೊದಲನೇ ಸುತ್ತಿನಲ್ಲಿ 'ಮಲ್ಟಿಪ್ಲೈ ಕ್ಲೇಮ್ಡ್ ಬ್ಲಾಕ್ಸ್' ಬಂದರೂ ನಿಲ್ಲಬೇಕು. ಒಂದೇ ಜಾಗ ತನ್ನದು ಅಂತ ಎರಡು ಫೈಲ್ ಹೇಳುತ್ತಿವೆ, ಒಂದೇ ಹೊಲಕ್ಕೆ ಎರಡು ಪಹಣಿ ಇದ್ದ ಹಾಗೆ. ಹೂಂ ಅಂದರೆ ಇಬ್ಬರಿಗೂ ಒಂದೊಂದು ಪ್ರತಿ ಮಾಡಿಕೊಡುತ್ತದೆ, ಆದರೆ ಒಳಗಿನ ಬರಹ ನಿಜಕ್ಕೂ ಒಬ್ಬರದೇ ಇರುತ್ತದೆ. ಆಮೇಲೆ ಎರಡನ್ನೂ ತೆರೆದು ನೋಡಲೇಬೇಕು.

ಮುಗಿದ ಮೇಲೆ ಎಕೋ, ಜಾಗ, ಡಾಲರ್ ಗುರುತು, ಪ್ರಶ್ನೆ ಗುರುತು ಹೊಡೆದರೆ ಒಂದು ಸಂಖ್ಯೆ ಬರುತ್ತದೆ. 1 ಅಂದರೆ ತಪ್ಪಿತ್ತು, ಸರಿಯಾಯಿತು. 4 ಅಂದರೆ ಇನ್ನೂ ತಪ್ಪು ಉಳಿದಿದೆ. 8 ಅಂದರೆ ಕೆಲಸವೇ ನಡೆಯಲಿಲ್ಲ. ಮತ್ತೊಮ್ಮೆ ನಡೆಸಿ, 0 ಬರಬೇಕು. ನನಗೆ ಮೊದಲು 1, ಆಮೇಲೆ 0 ಬಂತು.

ಹೆಸರು ಕಳೆದುಕೊಂಡ ಫೈಲುಗಳು

ಸರಿಯಾದ ನಕಲನ್ನು ಓದಲು ಮಾತ್ರ ಮೌಂಟ್ ಮಾಡಿ ಪಟ್ಟಿ ಫೋಲ್ಡರ್ ನೋಡಿದೆ. ಡಿಸೆಂಬರ್ ಇತ್ತು. ಜನವರಿ ಫೋಲ್ಡರೇ ಇರಲಿಲ್ಲ.

ಲಾಸ್ಟ್ ಫೌಂಡ್‌ನಲ್ಲಿ ನೋಡಿದರೆ 23 ಫೈಲ್. ಹೆಸರಿನ ಜಾಗದಲ್ಲಿ ಹ್ಯಾಷ್ ಗುರುತು ಮತ್ತು ಒಂದು ಉದ್ದನೆಯ ಸಂಖ್ಯೆ, ಅದೇ ಇನೋಡ್ ನಂಬರ್. ಫೋಲ್ಡರ್ ಅಂದರೆ ಹೆಸರುಗಳ ಪಟ್ಟಿ ತಾನೇ? ಆ ಪಟ್ಟಿ ಬರೆದಿದ್ದ ಬ್ಲಾಕ್ ಹೋಗಿತ್ತು, ಅದರಲ್ಲಿದ್ದ ಫೈಲುಗಳು ಹಾಗೇ ಉಳಿದಿದ್ದವು. ಫೈಲ್ ಅನ್ನುವ ಕಮಾಂಡ್ ಕೊಟ್ಟು ನಕ್ಷತ್ರ ಚಿಹ್ನೆ ಹಾಕಿದರೆ ಪ್ರತಿಯೊಂದರ ಒಳಗೆ ಏನಿದೆ ಅಂತ ಹೇಳುತ್ತದೆ. ಹೆಸರು ನೋಡಿ ಅಲ್ಲ, ಮೊದಲ ಕೆಲವು ಬೈಟ್ ನೋಡಿ. ಒಂಬತ್ತರ ಮುಂದೆ 'ಓಪನ್ ಡಾಕ್ಯುಮೆಂಟ್ ಸ್ಪ್ರೆಡ್‌ಶೀಟ್' ಅಂತ ಬಂತು. ಒಂದನ್ನು ನಕಲು ಮಾಡಿ, ಕೊನೆಗೆ ಡಾಟ್ ಓಡಿಎಸ್ ಸೇರಿಸಿ ಲಿಬ್ರೆಆಫೀಸ್‌ನಲ್ಲಿ ತೆರೆದೆ. ಮೇಲಿನ ಸಾಲಿನಲ್ಲಿ ಕಾಕಾನ ಅಂಗಡಿ ಹೆಸರು. ಕೆಳಗೆ ಸಾಲುಸಾಲಾಗಿ ಚೀಲ, ಕ್ವಿಂಟಲ್, ದರ. ಜನವರಿ ತಿಂಗಳ ಪಟ್ಟಿ. ರಾತ್ರಿ ಒಂದೂವರೆ ಆಗಿತ್ತು, ಆ ಸಾಲುಗಳನ್ನು ನೋಡಿ ನನ್ನ ಕಣ್ಣು ತುಂಬಿ ಬಂತು.

ಆ ದಿನದ ಫೈಲ್ ಮಾತ್ರ ಸೊನ್ನೆ ಬೈಟ್ ಇತ್ತು. ಇಂಥ ಹೊತ್ತಿನಲ್ಲಿ ಇನ್ನೊಂದು ಜಾಗ ನೋಡಬೇಕು: ಹೋಮ್ ಫೋಲ್ಡರಿನ ಅಡಗಿದ ಡಾಟ್ ಕಾನ್ಫಿಗ್, ಅದರೊಳಗೆ ಲಿಬ್ರೆಆಫೀಸ್, 4, ಯೂಸರ್, ಬ್ಯಾಕಪ್. ಲಿಬ್ರೆಆಫೀಸ್ ನಡುನಡುವೆ ತಾನೇ ಎತ್ತಿಟ್ಟ ಪ್ರತಿ ಅಲ್ಲಿರುತ್ತದೆ. ಮಧ್ಯಾಹ್ನದವರೆಗಿನ ಬರಹ ಅಲ್ಲಿ ಸಿಕ್ಕಿತು. ಕೊನೆಯ 11 ಪಟ್ಟಿ ಸಿಗಲಿಲ್ಲ. ಅವುಗಳ ಕಾರ್ಬನ್ ಪ್ರತಿ ಕಾಕಾನ ಗಲ್ಲೆಯಲ್ಲಿದ್ದವು, ಮರುದಿನ ತಮ್ಮ ಕೂತು ಬರೆದ. ಫೈಲ್ ತೆರೆಯುವಾಗ 'ಬೇರೆಯವರು ತೆರೆದಿದ್ದಾರೆ' ಅಂತ ಬಂದರೆ ಹೆದರಬೇಡಿ. ಡಾಟ್ ಟಿಲ್ಡೆ ಲಾಕ್ ಅಂತ ಶುರುವಾಗುವ ಅಡಗಿದ ಫೈಲ್ ಹಳೆಯದು ಉಳಿದಿರುತ್ತದೆ. ಅದನ್ನು ಅಳಿಸಿ.

ತಾಲೀಮು ಸರಿಹೋದ ಮೇಲೆ ಅದೇ ಉತ್ತರಗಳನ್ನು ಅಸಲಿ ಡಿಸ್ಕಿಗೂ ಕೊಟ್ಟೆ, ಅಲ್ಲೂ ಹೈಫನ್ ಝಡ್ ಹಾಕಿ.

ನಿಮ್ಮಲ್ಲಿ ಬೇರೆ ತಪ್ಪು ಬಂದರೆ

'ಬ್ಯಾಡ್ ಮ್ಯಾಜಿಕ್ ನಂಬರ್ ಇನ್ ಸೂಪರ್ ಬ್ಲಾಕ್' ಅಂದರೆ ಮೊದಲು ನೀವು ಕೊಟ್ಟ ಹೆಸರು ನೋಡಿ. ಎಸ್‌ಡಿಎ2 ಅನ್ನುವ ಬದಲು ಎಸ್‌ಡಿಎ ಅಂತ ಇಡೀ ಡಿಸ್ಕನ್ನು ಕೊಟ್ಟರೂ ಇದೇ ಬರುತ್ತದೆ. ನಾನು ಫೋನಿನಲ್ಲಿ ಬಿಡಿಸಿದ ಇಂಥ ಸಮಸ್ಯೆಗಳಲ್ಲಿ ಹೆಚ್ಚಿನವು ಇಷ್ಟೇ ಆಗಿದ್ದವು. ಹೆಸರು ಸರಿ ಇದ್ದರೆ ಮಾತ್ರ ಸೂಪರ್‌ಬ್ಲಾಕ್ ಕೆಟ್ಟಿದೆ ಅಂತ ತಿಳಿಯಿರಿ. ಅದು ಇಡೀ ಪುಸ್ತಕದ ಮೊದಲ ಪುಟವಿದ್ದಂತೆ, ಪಾರ್ಟಿಶನ್‌ನ 1024ನೇ ಬೈಟ್‌ನಿಂದ ಶುರು. ಇದರ ಪ್ರತಿಗಳು ಬೇರೆ ಬೇರೆ ಕಡೆ ಇರುತ್ತವೆ. ಬ್ಲಾಕ್ ಅಳತೆ 4096 ಇದ್ದರೆ, ಸಾಮಾನ್ಯವಾಗಿ ಇರುವುದು ಅದೇ, 32768, 98304, 163840, 229376ನೇ ಬ್ಲಾಕ್‌ಗಳಲ್ಲಿ. ಇ2ಎಫ್‌ಎಸ್‌ಸಿಕೆ ಹೈಫನ್ ಬಿ 32768, ಹೈಫನ್ ದೊಡ್ಡ ಬಿ 4096 ಅಂತ ಕೊಟ್ಟರೆ ಆ ಪ್ರತಿಯಿಂದ ಕೆಲಸ ಶುರುಮಾಡುತ್ತದೆ. ಪ್ರತಿಗಳ ಜಾಗ ತಿಳಿಯಲು ಎಂಕೆಇ2ಎಫ್‌ಎಸ್ ಹೈಫನ್ ಎನ್ ಹೊಡೆಯಿರಿ ಅಂತ ಕೆಲವರು ಹೇಳುತ್ತಾರೆ. ನಾನು ಹೇಳಲ್ಲ. ಆ ಎನ್ ಒಂದು ಮರೆತರೆ ಡಿಸ್ಕ್ ಫಾರ್ಮ್ಯಾಟ್ ಆಗುತ್ತದೆ.

ಇಎಕ್ಸ್‌ಟಿ4 ಬದಲು ಎಕ್ಸ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಇದ್ದರೆ ಎಫ್‌ಎಸ್‌ಸಿಕೆ ಏನೂ ಮಾಡದೆ ಸುಮ್ನೆ ಮರಳುತ್ತದೆ. ಅಲ್ಲಿ ಎಕ್ಸ್‌ಎಫ್‌ಎಸ್ ರಿಪೇರ್ ಬೇಕು, ಅದರಲ್ಲೂ ಹೈಫನ್ ದೊಡ್ಡ ಎಲ್ ಕೊನೆಯ ಉಪಾಯ, ಕಿರ್ದಿಯನ್ನೇ ಹರಿದು ಹಾಕುತ್ತದೆ. ವಿಂಡೋಸ್ ಇದ್ದವರಿಗೆ: ಚೆಕ್‌ಡಿಸ್ಕ್ ಬರೀ ಹೊಡೆದರೆ ನೋಡುತ್ತದಷ್ಟೇ, ಸ್ಲ್ಯಾಶ್ ಎಫ್ ಹಾಕಿದರೆ ತಿದ್ದುತ್ತದೆ. ಸ್ಲ್ಯಾಶ್ ಆರ್ ಇಡೀ ಡಿಸ್ಕ್ ಓದಿಸುತ್ತದೆ, ಸಾಯುವ ಡಿಸ್ಕಿಗೆ ಅದನ್ನು ಹಾಕಬೇಡಿ. ಅಲ್ಲೂ ನಕಲು ಮೊದಲು.

ಅಂಗಡಿಗೆ ಮರಳಿ

ಮರುದಿನ ಬೆಳಿಗ್ಗೆ ಕ್ಯಾಬಿನೆಟ್ ಹೊರಗೆ ಒಯ್ದು ಬ್ಲೋವರ್‌ನಿಂದ ಧೂಳು ಊದಿಸಿದೆವು. ಚಿಲಕ ಇರುವ ಹೊಸ ಸಾಟಾ ಕೇಬಲ್ ಹಾಕಿದೆ. ಕೂತಾಗ ಟಕ್ ಅಂತ ಕೇಳಬೇಕು, ಕೇಳಿತು. ಯಂತ್ರವನ್ನು ನೆಲದಿಂದ ಎತ್ತಿ, ಗೋಡೆಗೆ ಹೊಡೆದ ಹಲಗೆಯ ಮೇಲೆ ಇಟ್ಟೆವು.

ಬಯಾಸ್‌ಗೆ ಹೋಗಿ ನೋಡಿದರೆ ತಾರೀಖು 2011 ತೋರಿಸುತ್ತಿತ್ತು. ಬೋರ್ಡಿನ ಸಿಆರ್2032 ಸೆಲ್ 3 ವೋಲ್ಟ್ ಕೊಡಬೇಕಾದದ್ದು 2.1 ಕೊಡುತ್ತಿತ್ತು. ಬದಲಾಯಿಸಿದೆ. ಇದು ಸಣ್ಣ ವಿಷಯ ಅನಿಸಬಹುದು. ಆದರೆ ಗಡಿಯಾರ ಹಿಂದೆ ಹೋದರೆ 'ಕೊನೆಯ ಮೌಂಟ್ ಸಮಯ ಭವಿಷ್ಯದಲ್ಲಿದೆ' ಅಂತ ಎಫ್‌ಎಸ್‌ಸಿಕೆ ತಕರಾರು ಎತ್ತಬಹುದು. ಫೈಲುಗಳ ತಾರೀಖೂ ಹಿಂದುಮುಂದಾಗಿ, ಯಾವ ಪಟ್ಟಿ ಹೊಸದು ಅಂತ ತಿಳಿಯದೆ ಹೋಗುತ್ತದೆ.

ಯಂತ್ರ ಎದ್ದಿತು. ಅಪ್‌ಡೇಟ್ ನಡುವೆ ಕೆಟ್ಟದ್ದರಿಂದ ಡಿಪಿಕೆಜಿ ಹೈಫನ್ ಹೈಫನ್ ಕಾನ್ಫಿಗರ್ ಹೈಫನ್ ಎ ನಡೆಸಿದೆ, ಅರ್ಧಕ್ಕೆ ನಿಂತ ಪ್ಯಾಕೇಜುಗಳು ಪೂರ್ತಿಯಾದವು. ಆಮೇಲೆ ಡಿಪಿಕೆಜಿ ಹೈಫನ್ ಹೈಫನ್ ವೆರಿಫೈ. ಸಿಸ್ಟಮ್ ಫೈಲುಗಳಲ್ಲಿ ಯಾವುದು ಬದಲಾಗಿದೆ ಅಂತ ತೋರಿಸುತ್ತದೆ. ಎರಡು ಫೈಲ್ ಕೆಟ್ಟಿದ್ದವು, ಆ ಪ್ಯಾಕೇಜನ್ನು ಮತ್ತೆ ಹಾಕಿದೆ.

ತಮ್ಮನಿಗೆ ಒಂದು ಕಾಗದದಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿದ್ದೇನೆ. ರೀಬೂಟ್ ನಿಂತರೆ ಮೊದಲು ಡಿಸ್ಕಿನ ದೀಪ ನೋಡು. ಮಿಣುಕುತ್ತಿದ್ದರೆ ಕಾಯಿ. ಬಹಳ ಹೊತ್ತಾದರೂ ಆಗದಿದ್ದರೆ ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಹಿಡಿದುಕೊಂಡೇ ಒಂದೊಂದಾಗಿ ಎಸ್, ಯು, ಬಿ ಒತ್ತು, ನಡುವೆ ಐದಾರು ಸೆಕೆಂಡ್ ಬಿಡು. ಎಸ್ ಬಾಕಿ ಬರಹವನ್ನು ಡಿಸ್ಕಿಗೆ ಇಳಿಸುತ್ತದೆ, ಯು ಡಿಸ್ಕನ್ನು ಓದಲು ಮಾತ್ರ ಅಂತ ಮಾಡುತ್ತದೆ, ಬಿ ರೀಬೂಟ್ ಮಾಡುತ್ತದೆ. ಉಬುಂಟುವಿನಲ್ಲಿ ಈ ಮೂರಕ್ಕೂ ಮೊದಲಿನಿಂದಲೇ ಅನುಮತಿ ಇರುತ್ತದೆ. ಪವರ್ ಬಟನ್ ಆಮೇಲೆ.

ಮದರ್‌ಬೋರ್ಡಿನ ಸಾಟಾ ಕಿಂಡಿಯೂ ಕೆಟ್ಟಿರಬಹುದು ಅನ್ನುವ ಅನುಮಾನ ಒಂದು ಉಳಿದಿತ್ತು. ಅದಕ್ಕೆ ಅಂಗಡಿಯಲ್ಲೇ, ಹೊಸ ಕೇಬಲ್‌ನಲ್ಲಿ, ಡಿಸ್ಕನ್ನು ಪೂರ್ತಿ ಒಮ್ಮೆ ಓದಿಸಿದೆ. ಡಿಎಂಇಎಸ್‌ಜಿಯಲ್ಲಿ ಒಂದೂ ರಿಸೆಟ್ ಬರಲಿಲ್ಲ. ಒಂದು ವಾರ ಬಿಟ್ಟು ತೊಗರಿ ಇನ್ನೂ ಬರುತ್ತಿದ್ದಾಗಲೇ ಹೋಗಿ ಸ್ಮಾರ್ಟ್ ನೋಡಿದೆ. ಡಿಸ್ಕಿಗೆ ಅಂಟಿಸಿದ ಚೀಟಿಯಲ್ಲೂ 1846, ಪರದೆಯಲ್ಲೂ 1846.